ಇಪ್ಪತ್ತೊಂದು ತಂತಿ, ಒಂದು ಸೋರೆ ಬುರುಡೆ

ಬೇಲಿಯ ಮೇಲೆ ಹಬ್ಬಿದ ಸೋರೆ ಬಳ್ಳಿಯನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದರ ಬಿಳಿ ಹೂ ಹೊತ್ತು ಇಳಿದ ಮೇಲೆ ಅರಳುತ್ತದೆ. ಎಳೆ ಕಾಯಿ ಪಲ್ಯಕ್ಕೆ ಹೋಗುತ್ತದೆ. ಎಲೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಬಲಿತು, ಬಳ್ಳಿಯಲ್ಲೇ ಒಣಗಿ, ಸಿಪ್ಪೆ ಗಟ್ಟಿಯಾಗುತ್ತದೆ. ತಿರುಳು ಬತ್ತಿ ಹೋಗಿ ಒಳಗೆ ಬರೀ ಗಾಳಿ, ಒಂದಷ್ಟು ಬೀಜ. ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು. ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಹಿರಿಯರು ಕಟ್ಟುತ್ತಿದ್ದ ಬುರುಡೆ ಇದೇ.

ಇವತ್ತು ಈ ಬುರುಡೆಯ ಬೆನ್ನು ಹತ್ತೋಣ ಬನ್ನಿ. ಚಿಕ್ಕೋಡಿ ಸೀಮೆಯ ಕರೋಶಿಯಿಂದ ಹೊರಟು ಮೀರಜ ನೋಡಿಕೊಂಡು, ಅಲ್ಲಿಂದ ಸಮುದ್ರ ದಾಟಿ ಆಫ್ರಿಕಾ ಖಂಡದ ಪಶ್ಚಿಮದ ಅಂಚಿಗೆ ಹೋಗೋಣ.

ಕರೋಶಿಯಲ್ಲಾಗಲಿ, ಚಿಕ್ಕೋಡಿ–ರಾಯಬಾಗ ಸೀಮೆಯ ಬೇರೆ ಊರಲ್ಲಾಗಲಿ ಭಜನಿ ಮೇಳ ಕೂತಾಗ ತಾಳ, ದಮ್ಮಡಿ, ಪೇಟಿಗಳ ನಡುವೆ ಏಕತಾರಿಯನ್ನು ಹುಡುಕಿ. ಹಾಡು ಮುಗಿದ ಮೇಲೆ ಅದನ್ನು ನುಡಿಸಿದ ಕಾಕಾನ ಅಪ್ಪಣೆ ಕೇಳಿ ಹತ್ತಿರದಿಂದ ನೋಡಿ. ಕೆಳಗೆ ಒಂದು ಬುರುಡೆ. ಅದನ್ನು ತೂರಿಕೊಂಡು ಮೇಲೆ ಹೋದ ಒಂದು ಬಿದಿರಿನ ಕೋಲು. ಬುರುಡೆಯ ಬಾಯಿಗೆ ಬಿಗಿದ ಚರ್ಮ, ಕೆಲವದರಲ್ಲಿ ತೆಳು ಹಲಗೆ. ಅದರ ಮೇಲೆ ಒಂದು ಪುಟ್ಟ ಚೂರು ನಿಂತಿರುತ್ತದೆ, ಅದಕ್ಕೆ ಕುದುರೆ ಎನ್ನುತ್ತಾರೆ. ತಂತಿ ಈ ಕುದುರೆಯನ್ನು ಏರಿ ಇಳಿದು, ಕೋಲಿನ ತುದಿಯ ಬಿರಡೆಯವರೆಗೆ ಹೋಗುತ್ತದೆ. ಮುಗಿಯಿತು, ಇಷ್ಟೇ ವಾದ್ಯ.

ಈಗ ನನ್ನ ಪ್ರಶ್ನೆ. ಬೆರಳು ಮುಟ್ಟಿದ್ದು ತಂತಿಯನ್ನು. ನಮ್ಮ ಕಿವಿಗೆ ಬಿದ್ದ ದನಿ ಯಾರದು?

ಉತ್ತರವನ್ನು ನೀವೇ ಕಂಡುಹಿಡಿಯಬಹುದು. ಒಂದು ಗಟ್ಟಿ ದಾರ ತೆಗೆದುಕೊಳ್ಳಿ. ಒಂದು ತುದಿ ಗೆಳತಿಯ ಕೈಯಲ್ಲಿ, ಇನ್ನೊಂದು ನಿಮ್ಮ ಕೈಯಲ್ಲಿ. ಬಿಗಿಯಾಗಿ ಎಳೆದು ನಡುವೆ ಮೀಟಿ. ದಾರ ನಡುಗುವುದು ಕಣ್ಣಿಗೆ ಕಾಣುತ್ತದೆ, ಸದ್ದು ಮಾತ್ರ ಇದ್ದೂ ಇಲ್ಲದಂತೆ. ಈಗ ಒಂದು ಖಾಲಿ ಡಬ್ಬಿ ತನ್ನಿ. ಮನೆಯ ಹಿರಿಯರಿಂದ ಅದರ ತಳಕ್ಕೆ ಮೊಳೆಯಿಂದ ಸಣ್ಣ ತೂತು ಹಾಕಿಸಿಕೊಳ್ಳಿ. ದಾರವನ್ನು ತೂತಿನಲ್ಲಿ ತೂರಿಸಿ, ಡಬ್ಬಿಯ ಒಳಗಿರುವ ತುದಿಗೆ ಬೆಂಕಿಕಡ್ಡಿಯ ತುಂಡು ಕಟ್ಟಿ, ಜಾರಿ ಹೊರಗೆ ಬರದ ಹಾಗೆ. ಗೆಳತಿ ಡಬ್ಬಿ ಹಿಡಿಯಲಿ, ನೀವು ದಾರ ಎಳೆದು ಮೀಟಿ. ಡೊಂಯ್! ಅದೇ ದಾರ, ಅದೇ ಬೆರಳು. ಈಗ ಪಡಸಾಲೆಯಲ್ಲಿ ಕೂತ ಅಜ್ಜಿಗೂ ಕೇಳಿಸುತ್ತದೆ.

ಯಾಕೆ ಹೀಗೆ? ಸದ್ದು ಎಂದರೆ ಗಾಳಿಯ ಅಲುಗಾಟ. ಏನೋ ಒಂದು ನಡುಗಿ ತನ್ನ ಸುತ್ತಲಿನ ಗಾಳಿಯನ್ನು ನೂಕಬೇಕು, ಆ ನೂಕು ಗಾಳಿಯಿಂದ ಗಾಳಿಗೆ ದಾಟುತ್ತ ನಮ್ಮ ಕಿವಿಯ ತಮಟೆಗೆ ಬಂದು ತಾಗಬೇಕು. ಕಸಬರಿಗೆಯ ಒಂದೇ ಒಂದು ಕಡ್ಡಿಯಿಂದ ಮುಖಕ್ಕೆ ಗಾಳಿ ಹಾಕಿಕೊಂಡು ನೋಡಿ, ಏನೂ ಬರುವುದಿಲ್ಲ. ಅಮ್ಮನ ಮೊರ ತೆಗೆದು ಅಷ್ಟೇ ಜೋರಿನಲ್ಲಿ ಬೀಸಿದರೆ ಕೂದಲೆಲ್ಲ ಹಾರುತ್ತದೆ. ಕಡ್ಡಿಯ ಮುಂದಿನ ಗಾಳಿ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗಿಬಿಡುತ್ತದೆ. ಮೊರ ಅಗಲ ಇರುವುದರಿಂದ ಗಾಳಿಗೆ ನುಸುಳಲು ಪುರಸೊತ್ತಿಲ್ಲ, ಅದು ಮುಂದಕ್ಕೇ ಹೋಗಬೇಕು. ತಂತಿ ಕಡ್ಡಿಯ ಜಾತಿಯದು. ಬುರುಡೆಯ ಮೇಲಿನ ಚರ್ಮ ಮೊರದ ಜಾತಿಯದು. ತಂತಿ ತನ್ನ ನಡುಕವನ್ನು ಕುದುರೆಯ ಮೂಲಕ ಚರ್ಮಕ್ಕೆ ದಾಟಿಸುತ್ತದೆ, ಚರ್ಮ ಗಾಳಿಯನ್ನು ನೂಕುತ್ತದೆ. ಬುರುಡೆಯೊಳಗಿನ ಗಾಳಿಯೂ ಜೊತೆಗೆ ಅಲುಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ನನಗಂತೂ ಅದು ಬಹಳ ಇಷ್ಟ. ಬುರುಡೆ ತನ್ನದಾಗಿ ಒಂದು ಚೂರೂ ಹೊಸ ಶಕ್ತಿ ಸೇರಿಸುವುದಿಲ್ಲ. ನಿಮ್ಮ ಬೆರಳು ಎಷ್ಟು ಕೊಟ್ಟಿತೋ ಅಷ್ಟೇ ಬಂಡವಾಳ. ಬರೀ ತಂತಿ ಅದನ್ನು ಬಹಳ ಹೊತ್ತು ಇಟ್ಟುಕೊಂಡು ನಡುಗುತ್ತಿರುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಬುರುಡೆಯ ಜೊತೆ ಸೇರಿದ ತಂತಿ ಅದನ್ನು ಬೇಗ ಬೇಗ ಗಾಳಿಗೆ ಕೊಟ್ಟುಬಿಡುತ್ತದೆ. ಅದಕ್ಕೇ ದನಿ ದೊಡ್ಡದು, ಅದಕ್ಕೇ ಬೇಗ ಆರುತ್ತದೆ.

ನೀವು ಮಾಡಿದ ಡಬ್ಬಿಯನ್ನು ಎಸೆಯಬೇಡಿ. ದಾರವನ್ನು ಇನ್ನಷ್ಟು ಎಳೆದು ಮೀಟಿ, ದನಿ ಮೇಲೇರುತ್ತದೆ. ಸಡಿಲಿಸಿ, ಇಳಿಯುತ್ತದೆ. ಯಲ್ಲಮ್ಮನ ಹಾಡು ಹೇಳುವ ಜೋಗತಿಯರ ಚೌಡಕಿಯೂ ಗೊಂದಲಿಗರ ತುಂತುಣಿಯೂ ಇದೇ ಉಪಾಯದವು. ಟೊಳ್ಳು ಕೊಳವೆ, ಅದರ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಬಿಗಿ ಹೆಚ್ಚಿಸಿ ಕಡಿಮೆ ಮಾಡುತ್ತ ಒಂದೇ ತಂತಿಯಿಂದ ಬೇರೆ ಬೇರೆ ದನಿ ತೆಗೆಯುತ್ತಾರೆ. ಬಿಗಿಯಾದ ತಂತಿ ಬೇಗ ಬೇಗ ಅತ್ತಿತ್ತ ಹೋಗಿ ಬರುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೋಗಿ ಬಂತು ಎನ್ನುವುದರ ಮೇಲೆ ದನಿಯ ಏರಿಳಿತ ನಿಂತಿದೆ. ಸೆಕೆಂಡಿಗೆ ಸುಮಾರು 20ರಿಂದ 20,000 ಸಲದವರೆಗಿನ ನಡುಕ ಮನುಷ್ಯರ ಕಿವಿಗೆ ಕೇಳುತ್ತದೆ. ಉದ್ದವೂ ಲೆಕ್ಕಕ್ಕೆ ಬರುತ್ತದೆ: ಬಿಗಿ ಬದಲಿಸದೆ ತಂತಿಯ ಉದ್ದವನ್ನು ಅರ್ಧ ಮಾಡಿದರೆ ಅದು ಎರಡರಷ್ಟು ಸಲ ನಡುಗುತ್ತದೆ. ದಪ್ಪ ತಂತಿ ನಿಧಾನ, ತೆಳು ತಂತಿ ಚುರುಕು.

ಈಗ ರೈಲು ಹತ್ತೋಣ. ಚಿಕ್ಕೋಡಿ ರೋಡ್ ಸ್ಟೇಷನ್ನಿನಿಂದ ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮೀರಜ. ಅಲ್ಲಿ ತಂಬೂರಿ, ಸಿತಾರ ಮಾಡುವವರ ಓಣಿಯೇ ಇದೆ. ಮೊದಲು ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಸುಬಿಗೆ ಕೈ ಹಾಕಿದರು. ಅವರಲ್ಲಿ ಫರೀದಸಾಹೇಬರ ಹೆಸರನ್ನು ಅಲ್ಲಿ ಇಂದಿಗೂ ಗೌರವದಿಂದ ಹೇಳುತ್ತಾರೆ. ಇವರಿಗೆ ಬೇಕಾದ ದೊಡ್ಡ ದೊಡ್ಡ ಬುರುಡೆಗಳು ಪಂಢರಪುರದ ಕಡೆಯ ಹೊಲಗಳಿಂದ ಬರುತ್ತವೆ. ತಿನ್ನಲು ಬಾರದ ಕಹಿ ಜಾತಿ ಅದು. ಒಣಗಿದ ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಸಿ, ಆಕಾರಕ್ಕೆ ತಂದು, ಬಾಯಿಗೆ ತೆಳುವಾದ ಮರದ ಹಲಗೆ ಕೂರಿಸುತ್ತಾರೆ. ಇಲ್ಲಿ ಚರ್ಮದ ಕೆಲಸವನ್ನು ಹಲಗೆ ಮಾಡುತ್ತದೆ. 2024ರಲ್ಲಿ ಮೀರಜದ ಸಿತಾರ, ತಂಬೂರಿಗಳಿಗೆ ಇವು ಈ ಊರಿನವೇ ಎಂದು ಸಾರುವ ಭೌಗೋಳಿಕ ಗುರುತು ಸಿಕ್ಕಿತು. ಕೈ ನುರಿತವರು ಹಸಿ ಬುರುಡೆಗೂ ಒಣ ಬುರುಡೆಗೂ ಇರುವ ಅಂತರವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ತಿಳಿಯಬಲ್ಲರು. ನೀವೂ ಮನೆಯಲ್ಲಿ ತಟ್ಟಿ ನೋಡಿ.

ಇನ್ನು ಸಮುದ್ರ ದಾಟುವ ಸಮಯ. ಗ್ಯಾಂಬಿಯಾ, ಸೆನೆಗಲ್, ಮಾಲಿ, ಗಿನಿ ಎಂಬ ದೇಶಗಳನ್ನು ನಕಾಶೆಯಲ್ಲಿ ಹುಡುಕಿ. ಎಲ್ಲವೂ ಆಫ್ರಿಕಾದ ಪಶ್ಚಿಮ ಭಾಗದಲ್ಲಿ, ಒಂದಕ್ಕೊಂದು ಹತ್ತಿರದಲ್ಲೇ ಇವೆ. ಅಲ್ಲಿಯ ಮಂಡಿಂಕಾ ಜನರ ವಾದ್ಯ ಕೊರಾ. ಅದನ್ನು ಮೊದಲ ಸಲ ನೋಡಿದಾಗ ನಮ್ಮ ಏಕತಾರಿ ಹಿಗ್ಗಿ ಹಿಗ್ಗಿ ಇಷ್ಟಾಯಿತೇ ಎನಿಸುತ್ತದೆ. ಸುಮಾರು ಅರ್ಧ ಮೀಟರು ಅಗಲದ ಬುರುಡೆಯ ಅರ್ಧ ಹೋಳು. ಅದರ ಬಾಯಿಗೆ ದನದ ಚರ್ಮ. ಬುರುಡೆಯನ್ನು ತೂರಿಕೊಂಡು ಮೇಲೆ ಹೋದ ಗಟ್ಟಿ ಮರದ ಕೋಲು. ತಂತಿಗಳು ಮಾತ್ರ 21!

ಇಪ್ಪತ್ತೊಂದು ತಂತಿ ಕೋಲಿನಿಂದ ಇಳಿದು ಬಂದು ಎಲ್ಲಿ ಕೂರುತ್ತವೆ ಗೊತ್ತೇ? ಚರ್ಮದ ಮೇಲೆ ಎತ್ತರದ ಒಂದು ಕುದುರೆ ನೆಟ್ಟಗೆ ನಿಂತಿದೆ. ಅದರ ಎರಡೂ ಅಂಚಿಗೆ ಕಚ್ಚು ಹಾಕಿದ್ದಾರೆ. ಎಡಗಡೆಯ ಕಚ್ಚುಗಳಲ್ಲಿ 11 ತಂತಿ, ಬಲಗಡೆ 10. ತಂತಿಗಳು ಒಂದರ ಕೆಳಗೆ ಒಂದು ಸಾಲಾಗಿ ನಿಲ್ಲುತ್ತವೆ. ಉದ್ದ ಬೇರೆ, ದಪ್ಪ ಬೇರೆ, ಬಿಗಿ ಬೇರೆ. ಹಾಗಾಗಿ ಒಂದೊಂದಕ್ಕೂ ಒಂದೊಂದೇ ಸ್ವರ. ಚೌಡಕಿಯಲ್ಲಿ ಒಂದೇ ತಂತಿ ಹಲವು ದನಿ ತೆಗೆದರೆ, ಇಲ್ಲಿ ಪ್ರತಿ ತಂತಿಯೂ ತನ್ನ ಒಂದು ಸ್ವರವನ್ನು ಕಾಯ್ದುಕೊಂಡು ಕೂತಿರುತ್ತದೆ. ಹಿಂದೆ ಚರ್ಮವನ್ನು ಸಣ್ಣಗೆ ಸೀಳಿ ಹೊಸೆದು ತಂತಿ ಮಾಡುತ್ತಿದ್ದರು. ಈಗ ಹಾಕುವುದು ಮೀನುಗಾರರು ಗಾಳಕ್ಕೆ ಬಳಸುವ ನೈಲಾನ್ ದಾರ!

ಬಾರಿಸುವವರು ತಂತಿ ತಮ್ಮ ಮುಖದ ಕಡೆ ಬರುವಂತೆ ಕೊರಾವನ್ನು ಎದುರಿಗೆ ಇಟ್ಟುಕೊಳ್ಳುತ್ತಾರೆ. ಚರ್ಮದ ಮೇಲೆ ಎರಡು ಹಿಡಿಕೋಲು ಇವೆ. ಎರಡೂ ಕೈಯ ಕೊನೆಯ ಮೂರು ಬೆರಳು ಅವನ್ನು ಹಿಡಿದಿರುತ್ತವೆ. ಉಳಿದದ್ದು ಎರಡು ಹೆಬ್ಬೆರಳು, ಎರಡು ತೋರುಬೆರಳು. ಈ ನಾಲ್ಕೇ ಬೆರಳು 21 ತಂತಿಯನ್ನು ಆಳುತ್ತವೆ! ಹೆಬ್ಬೆರಳುಗಳು ತಗ್ಗಿನ ದನಿಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಹಾಕುತ್ತವೆ, ತೋರುಬೆರಳುಗಳು ಅದರ ಮೇಲೆ ಏರಿನ ದನಿಯಲ್ಲಿ ಓಡಾಡುತ್ತವೆ.

ಚರ್ಮವನ್ನು ಹಸಿ ಇರುವಾಗಲೇ ಬುರುಡೆಗೆ ಎಳೆದು ಬಿಗಿಯುತ್ತಾರೆ. ಒಣಗುತ್ತ ಅದು ತಾನೇ ಕುಗ್ಗಿ ಇನ್ನೂ ಬಿಗಿಯಾಗುತ್ತದೆ. ನಮ್ಮ ಹಲಗಿ ಬಡಿಯುವವರು ಮೆರವಣಿಗೆಗೆ ಮುಂಚೆ ಹುಲ್ಲು ಹೊತ್ತಿಸಿ ಹಲಗಿ ಕಾಯಿಸುವುದನ್ನು ನೋಡಿದ್ದೀರಲ್ಲ? ಅದರ ಗುಟ್ಟೂ ಇದೇ. ಚರ್ಮ ಗಾಳಿಯಲ್ಲಿನ ತೇವ ಹೀರಿದರೆ ಜೋಲುತ್ತದೆ, ದನಿ ಮಂಕಾಗುತ್ತದೆ. ಕಾಯಿಸಿದರೆ ತೇವ ಹೋಗಿ ಮತ್ತೆ ಬಿಗಿ ಬರುತ್ತದೆ. ಕೊರಾದ ತಂತಿಗಳನ್ನು ಹದ ಮಾಡಲು ಕೋಲಿನ ಸುತ್ತ ಹೆಣೆದ ಚರ್ಮದ ಬಳೆಗಳಿರುತ್ತವೆ. ಬಳೆಯನ್ನು ಮೇಲಕ್ಕೆ ಸರಿಸಿದರೆ ಆ ತಂತಿ ಬಿಗಿಯಾಗುತ್ತದೆ. ಈಗಿನ ಕೆಲವರು ಗಿಟಾರಿನ ತಿರುಪು ಹಾಕಿಕೊಂಡಿದ್ದಾರೆ.

ಸ್ಕಾಟ್ಲೆಂಡಿನ ಮಂಗೋ ಪಾರ್ಕ್ ಎಂಬ ಪ್ರವಾಸಿ ಆ ಸೀಮೆಯಲ್ಲಿ ಅಲೆದು 1799ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಹದಿನೆಂಟು ತಂತಿಯ ದೊಡ್ಡ ವಾದ್ಯವೊಂದರ ಹೆಸರನ್ನು ಬರೆದಿಟ್ಟಿದ್ದಾನೆ. ಅದು ಕೊರಾವೇ ಎಂದು ತಿಳಿದವರು ಹೇಳುತ್ತಾರೆ.

ನಮ್ಮ ಬೇಲಿಯ ಸೋರೆಗೂ ಅವರ ಬುರುಡೆಗೂ ಏನು ಸಂಬಂಧ? ಎರಡೂ ಒಂದೇ ಜಾತಿಯ ಬಳ್ಳಿ! ಸೋರೆಯ ತವರು ಆಫ್ರಿಕಾ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಒಣ ಬುರುಡೆಗೆ ನೀರಿನ ಭಯವಿಲ್ಲ. ಉಪ್ಪುನೀರಿನಲ್ಲಿ ಇನ್ನೂರು ದಿನಕ್ಕೂ ಹೆಚ್ಚು ಕಾಲ ತೇಲಿಸಿ ಪರೀಕ್ಷಿಸಿದಾಗಲೂ ಒಳಗಿನ ಬೀಜ ಮೊಳೆತಿವೆ. ಹೀಗೆ ತೇಲಿಕೊಂಡೇ ಅದು ಆಫ್ರಿಕಾದಿಂದ ಅಮೆರಿಕ ಖಂಡಕ್ಕೆ ಹೋಗಿರಬೇಕು ಎಂದು ವಿಜ್ಞಾನಿಗಳು 2014ರಲ್ಲಿ ಅದರ ವಂಶವಾಹಿಗಳನ್ನು ಹೋಲಿಸಿ ತೋರಿಸಿದರು.

ಕೊರಾ ಬಾರಿಸುವವರ ಕಥೆ ಹೇಳದೆ ಬಿಟ್ಟರೆ ಅರ್ಧವೇ ಹೇಳಿದಂತೆ. ಅವರನ್ನು ಜೆಲಿ ಎನ್ನುತ್ತಾರೆ. ಮನೆತನದ ಕಸುಬು, ತಂದೆಯಿಂದ ಮಗನಿಗೆ ಬಂದದ್ದು. ದಿಯಾಬತೆ, ಕುಯಾತೆ, ಸಿಸೊಕೊ ಎಂಬ ಅಡ್ಡಹೆಸರು ಕೇಳಿದರೆ ಸಾಕು, ಇವರು ಜೆಲಿ ಮನೆಯವರು ಎಂದು ಅಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ರಾಜರ ಕಥೆ, ಊರುಗಳ ಕಥೆ, ಯಾರ ಅಜ್ಜ ಯಾರು ಎಂಬ ವಂಶಾವಳಿ, ಎಲ್ಲವೂ ಇವರ ನೆನಪಿನಲ್ಲಿ. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತಾ ಕೇತಾನ ಕಥೆ ಇವರ ಬಾಯಿಂದ ಬಾಯಿಗೆ ದಾಟಿ ಇವತ್ತಿಗೂ ಉಳಿದಿದೆ.

ನಮ್ಮಲ್ಲಿ ಈ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಗೊಂದಲಿಗರು ಸಂಬಾಳ, ತುಂತುಣಿ ಹಿಡಿದು ರಾತ್ರಿಯಿಡೀ ಅಂಬಾಭವಾನಿಯ ಕಥೆ ಹಾಡುತ್ತಾರೆ. ಹೆಳವರು ಎತ್ತಿನ ಮೇಲೆ ಕೂತು ಮನೆಬಾಗಿಲಿಗೆ ಬಂದು ಆ ಮನೆತನದ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ನಿಮ್ಮ ಮನೆಗೆ ಹೆಳವರು ಕೊನೆಯ ಸಲ ಬಂದದ್ದು ಯಾವಾಗ, ಎಷ್ಟು ತಲೆಮಾರಿನ ಹೆಸರು ಹೇಳಿದರು ಎಂದು. ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ಎಲ್ಲೂ ಅಚ್ಚಾಗದ ಸಂಗತಿ ಅದು.

ಮಾಲಿಯ ತುಮಾನಿ ದಿಯಾಬತೆ ಹುಟ್ಟಿದ್ದು 1965ರಲ್ಲಿ. ಅವರ ತಂದೆ ಸಿದಿಕಿ ದಿಯಾಬತೆ ಕೂಡ ದೊಡ್ಡ ಕೊರಾ ವಾದಕರು. ಕೊರಾ ಮೊದಲು ಹಾಡುವವರ ಜೊತೆ ಬಾರಿಸುವ ವಾದ್ಯವಾಗಿತ್ತು. ತುಮಾನಿ 1988ರಲ್ಲಿ ‘ಕೈರಾ’ ಎಂಬ ಧ್ವನಿಮುದ್ರಿಕೆಯಲ್ಲಿ ಬರೀ ಕೊರಾವನ್ನೇ ಬಾರಿಸಿ ಜಗತ್ತಿನ ಕಿವಿ ತನ್ನತ್ತ ತಿರುಗುವಂತೆ ಮಾಡಿದರು. 2024ರಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳು ಕೊರಾ ಕಲಿಯುವ ರೂಢಿ ಜೆಲಿ ಮನೆಗಳಲ್ಲಿ ಇರಲಿಲ್ಲ. ಗ್ಯಾಂಬಿಯಾ ಮೂಲದ ಸೋನಾ ಜೊಬಾರ್ತೆ ಅದೇ ಮನೆತನದಲ್ಲಿ ಹುಟ್ಟಿ, ಕೊರಾ ಕಲಿತು, ದೇಶ ದೇಶಗಳಲ್ಲಿ ಬಾರಿಸುತ್ತಿದ್ದಾರೆ. ಗ್ಯಾಂಬಿಯಾದಲ್ಲಿ ಮಕ್ಕಳಿಗಾಗಿ ಶಾಲೆಯನ್ನೂ ತೆರೆದಿದ್ದಾರೆ.

ನಿಮ್ಮ ಗುರುಗಳಿಗೆ ಹೇಳಿ ತುಮಾನಿ, ಸೋನಾ ಇವರಿಬ್ಬರ ವಾದನವನ್ನು ಮೊಬೈಲಿನಲ್ಲಿ ಹಾಕಿಸಿಕೊಳ್ಳಿ. ಮೊದಲ ಸಲ ಹೆಬ್ಬೆರಳಿನ ತಗ್ಗು ದನಿಯನ್ನಷ್ಟೇ ಹಿಡಿದು ಅದರ ಜೊತೆ ತೊಡೆಯ ಮೇಲೆ ತಾಳ ಹಾಕಿ. ಎರಡನೆಯ ಸಲ ತಾಳ ಬಿಡದೆ ತೋರುಬೆರಳಿನ ಏರು ದನಿಯ ಬೆನ್ನು ಹತ್ತಿ. ಸ್ವಲ್ಪ ಹೊತ್ತಿನಲ್ಲೇ ತಾಳ ತಪ್ಪುತ್ತದೆ, ತಪ್ಪಲಿ. ಮತ್ತೆ ಮೊದಲಿನಿಂದ ಹಾಕಿಸಿ. ಯಾರು ಹೆಚ್ಚು ಹೊತ್ತು ಎರಡನ್ನೂ ಒಟ್ಟಿಗೆ ಹಿಡಿಯುತ್ತೀರಿ ಎಂದು ತರಗತಿಯಲ್ಲಿ ಪಂದ್ಯ ಕಟ್ಟಿ ನೋಡಿ.