ವಿಡಿಯೋ ಸಂಕಲನಕ್ಕೊಂದು ಪ್ರೊಸೆಸರು



ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟವನ್ನು ಕ್ಯಾಮೆರಾದಲ್ಲಿ ಹಿಡಿದು, ಅದರೊಳಗಿನ ಸಾರವತ್ತಾದ ಭಾಗಗಳನ್ನು ಆಯ್ದು ಜೋಡಿಸಿ, ಬಣ್ಣವನ್ನೂ ಧ್ವನಿಯನ್ನೂ ಹದಗೊಳಿಸಿ, ಪರಸ್ಥಳದಲ್ಲಿರುವ ನಮ್ಮವರಿಗೂ ಮುಂದೆ ಹುಟ್ಟಿಬರುವವರಿಗೂ ಒಪ್ಪಿಸಬೇಕೆಂಬ ಹಂಬಲವುಳ್ಳ ತರುಣರು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇಂದು ಅನೇಕರಿದ್ದಾರೆ. ಹಿಂದಿನ ಎಷ್ಟೋ ಮಂದಿ ಮಹಾಕಲಾವಿದರ ಅಭಿನಯ ಅವರೊಡನೆಯೇ ಅಸ್ತಂಗತವಾದುದನ್ನು ನೆನೆದಾಗ, ಈ ತರುಣರ ಉದ್ಯೋಗ ಅತ್ಯಂತ ಶ್ಲಾಘ್ಯವಾದದ್ದೆಂದು ನನಗೆ ತೋರುತ್ತದೆ. ಆದರೆ ಇವರಲ್ಲಿ ಬಹುಮಂದಿಯ ಕೈಯಲ್ಲಿರುವ ಹಣ ಮಿತವಾದದ್ದು. ಕಂಪ್ಯೂಟರು ಕೊಳ್ಳಲು ಹೊರಟಾಗ ಯಾವ ಪ್ರೊಸೆಸರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಎಷ್ಟು ವ್ಯಯ ಮಾಡಬೇಕು ಎಂಬ ಚಿಂತೆ ಅವರನ್ನು ಕಾಡುವುದು ಸಹಜ. ನಾನು ಈ ಹೊತ್ತು ನಿವೇದಿಸಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಪ್ರೊಸೆಸರನ್ನು ಆಯುವ ಕೆಲಸ ನಿಮ್ಮ ಕ್ಯಾಮೆರಾದಿಂದಲೇ ಆರಂಭವಾಗತಕ್ಕದ್ದು.

ಇದು ಏಕೆಂಬುದನ್ನು ತುಸು ವಿಸ್ತಾರವಾಗಿ ಹೇಳಬೇಕು. ಈಗ ಬಳಕೆಯಲ್ಲಿರುವ 4ಕೆ ಚಿತ್ರದ ಒಂದು ಫ್ರೇಮಿನಲ್ಲಿ ಅಡ್ಡಸಾಲಿಗೆ 3,840ರಂತೆ 2,160 ಸಾಲುಗಳು, ಎಂದರೆ ಸುಮಾರು 83 ಲಕ್ಷ ಬಿಂದುಗಳು ಇರುತ್ತವೆ. ಸೆಕೆಂಡಿಗೆ 25 ಫ್ರೇಮುಗಳಂತೆ ಇವೆಲ್ಲವನ್ನೂ ಯಥಾವತ್ತಾಗಿ ಬರೆದಿಡುವುದಾದರೆ ಪ್ರತಿ ಸೆಕೆಂಡಿಗೂ 300 ಮೆಗಾಬೈಟಿಗೆ ಮಿಗಿಲಾದ ಸ್ಥಳ ಬೇಕಾದೀತು. ಅದನ್ನು ಆರು ಮೆಗಾಬೈಟಿಗೋ ಹನ್ನೆರಡು ಮೆಗಾಬೈಟಿಗೋ ಇಳಿಸಿ ಕಾರ್ಡಿನಲ್ಲಿ ಬರೆಯುವುದು ನಮ್ಮ ಮೊಬೈಲುಗಳೂ ಕ್ಯಾಮೆರಾಗಳೂ ದಿನನಿತ್ಯ ಮಾಡುವ ಕೆಲಸ. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಪದ್ಧತಿಯೂ, 2013ರಲ್ಲಿ ಬಂದ, ಅದಕ್ಕಿಂತ ಬಿಗಿಯಾದ ಎಚ್.265 ಎಂಬ ಪದ್ಧತಿಯೂ ಈ ಸಂಕೋಚನಕ್ಕೆ ಆಧಾರ. ಇವುಗಳಲ್ಲಿ ಯಾವುದೋ ಕೆಲವು ಫ್ರೇಮುಗಳು ಮಾತ್ರ ಸಮಗ್ರವಾಗಿ ಬರೆಯಲ್ಪಡುತ್ತವೆ. ಉಳಿದವುಗಳಲ್ಲಿ ನೆರೆಯ ಫ್ರೇಮುಗಳಿಗೂ ಇದಕ್ಕೂ ಏನು ವ್ಯತ್ಯಾಸವೋ ಅಷ್ಟನ್ನೇ ಗುರುತು ಹಾಕಲಾಗುತ್ತದೆ. ಅಂಗಡಿಯ ಕೀರ್ದಿಪುಸ್ತಕದಲ್ಲಿ ಬೆಳಗಿನ ಶಿಲ್ಕನ್ನೊಮ್ಮೆ ಬರೆದು ಆಮೇಲೆ ಜಮಾಖರ್ಚುಗಳನ್ನಷ್ಟೇ ಬರೆಯುತ್ತ ಹೋದರೆ, ಮಧ್ಯಾಹ್ನ ಮೂರು ಗಂಟೆಗೆ ಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ತಿಳಿಯಲು ಬೆಳಗಿನಿಂದ ಕೂಡಿಸಿ ಕಳೆದು ಬರಬೇಕಷ್ಟೆ; ಇಲ್ಲಿಯೂ ಹಾಗೆಯೇ. ಪುಂಡುವೇಷದವನು ದಿಗಿಣ ಹಾರಿ ನೆಲ ಮುಟ್ಟಿದ ಕ್ಷಣದಲ್ಲಿಯೇ ಕತ್ತರಿಸಬೇಕೆಂದು ನೀವು ಟೈಮ್‌ಲೈನಿನ ಮೇಲೆ ಒಂದೊಂದೇ ಫ್ರೇಮಿನಂತೆ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿರುವಾಗ, ಕಂಪ್ಯೂಟರು ಪ್ರತಿಸಲವೂ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಈ ಲೆಕ್ಕವನ್ನು ಬಿಡಿಸಿಕೊಂಡು ಬರುತ್ತಿರಬಹುದು. ಚಿತ್ರ ತಡವರಿಸುವುದು, ಕ್ಲಿಕ್ ಮಾಡಿದ ಮೇಲೆ ಎರಡು ಸೆಕೆಂಡು ಏನೂ ಆಗದೆ ನಿಲ್ಲುವುದು, ಇವೇ ಮೊದಲಾದ ಕಿರಿಕಿರಿಗಳಿಗೆ ಬಹುಮಟ್ಟಿಗೆ ಕಾರಣ ಇದೇ.

ಈ ಲೆಕ್ಕವನ್ನು ಪ್ರೊಸೆಸರಿನ ಸಾಮಾನ್ಯ ಕೋರುಗಳಿಂದಲೂ ಮಾಡಿಸಬಹುದು. ಅದಕ್ಕೆಂದೇ ರಚಿತವಾದ ಪ್ರತ್ಯೇಕ ವಿಭಾಗವೊಂದರಿಂದಲೂ ಮಾಡಿಸಬಹುದು. ಎರಡನೆಯದು ಎಷ್ಟೋ ಪಾಲು ಲಘುವಾದ ದಾರಿ. ಇಂಟೆಲ್ ಸಂಸ್ಥೆಯವರು 2011ರಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಿಂದ ಇಂಥ ವಿಭಾಗವನ್ನು ಪ್ರೊಸೆಸರಿನೊಳಗಣ ಗ್ರಾಫಿಕ್ಸ್ ಭಾಗದಲ್ಲಿಯೇ ಅಳವಡಿಸಿದರು. ಎಎಂಡಿಯವರ ಗ್ರಾಫಿಕ್ಸ್ ಉಳ್ಳ ಪ್ರೊಸೆಸರುಗಳಲ್ಲಿಯೂ, ಎನ್ವಿಡಿಯಾದ ಕಾರ್ಡುಗಳಲ್ಲಿಯೂ ಇದಕ್ಕೆ ಸಮಾನವಾದದ್ದು ಇದೆ. ಆದರೆ ಎಲ್ಲವೂ ಎಲ್ಲ ಬಗೆಯ ಫೈಲುಗಳನ್ನೂ ಬಿಡಿಸಲಾರವು ಎಂಬುದೇ ಇಲ್ಲಿರುವ ಸೂಕ್ಷ್ಮ. ಸಾಧಾರಣವಾದ ಮೊಬೈಲಿನ ಚಿತ್ರದಲ್ಲಿ ಬಣ್ಣದ ವಿವರವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿರುತ್ತಾರೆ. ಅದನ್ನು 4:2:0 ಎನ್ನುವರು, ಮತ್ತು ಅದನ್ನು ಬಿಡಿಸುವ ಶಕ್ತಿ ಇತ್ತೀಚಿನ ಯಾವತ್ತೂ ಯಂತ್ರಗಳಿಗೆ ಉಂಟು. ಸೋನಿ, ಕ್ಯಾನನ್ ಮೊದಲಾದವರ ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಾದರೋ ಬಣ್ಣದ ವಿವರದಲ್ಲಿ ಅರ್ಧವನ್ನು ಉಳಿಸಿಕೊಳ್ಳುವ 4:2:2 ಎಂಬ ಹತ್ತು ಬಿಟ್ಟಿನ ಚಿತ್ರವನ್ನೂ ಬರೆಯಬಲ್ಲವು. ಬಣ್ಣದ ವೇಷದ ಮುಖವರ್ಣಿಕೆಯನ್ನು, ಕೇದಗೆ ಮುಂದಲೆಯ ಜರಿಯನ್ನು ರಾತ್ರಿಯ ದೀಪದಲ್ಲಿ ಹಿಡಿದು ಆಮೇಲೆ ತಿದ್ದಬೇಕೆನ್ನುವವರಿಗೆ ಇದು ದೊಡ್ಡ ವರ. ಎಚ್.265ರಲ್ಲಿ ಬರೆದ ಇಂಥ ಚಿತ್ರವನ್ನು ಇಂಟೆಲ್ಲಿನ ಹನ್ನೆರಡನೆಯ ತಲೆಮಾರಿನ ಗ್ರಾಫಿಕ್ಸ್ ಸಲೀಸಾಗಿ ಬಿಡಿಸುತ್ತದೆ. ಎನ್ವಿಡಿಯಾದ ಕಾರ್ಡುಗಳಿಗಾದರೋ ಆ ಶಕ್ತಿ ಬಂದದ್ದು 2025ರ ಸರಣಿಯಲ್ಲಿ. ಅದೇ ಕ್ಯಾಮೆರಾದಲ್ಲಿ ಎಚ್.264ರ 4:2:2ನ್ನು ಆರಿಸಿಕೊಂಡಿರೋ, ಆ ಇಂಟೆಲ್ ಗ್ರಾಫಿಕ್ಸ್ ಕೂಡ ಕೈಬಿಡುತ್ತದೆ. ಹೊರೆಯೆಲ್ಲ ಕೋರುಗಳ ಮೇಲೆ ಬೀಳುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಆಯ್ಕೆಯೊಂದನ್ನು ಬದಲಿಸಿದಷ್ಟರಿಂದಲೇ ಪರಿಹಾರವಾಗತಕ್ಕ ಕಷ್ಟಕ್ಕೆ ಸಾವಿರಾರು ರೂಪಾಯಿಗಳ ಪ್ರೊಸೆಸರನ್ನು ಕೊಂಡವರ ವಿಷಯದಲ್ಲಿ ನನಗೆ ಮರುಕವುಂಟಾಗುತ್ತದೆ.

ಇನ್ನು ಕೋರುಗಳ ಸಂಖ್ಯೆ. ಕೋರು ಹೆಚ್ಚಿದಷ್ಟೂ ಕೆಲಸ ಅದೇ ಪ್ರಮಾಣದಲ್ಲಿ ತ್ವರಿತವಾಗುವುದೆಂಬ ಭಾವನೆ ಜನರಲ್ಲಿ ಬಲವಾಗಿದೆ. ಐಬಿಎಂ ಸಂಸ್ಥೆಯಲ್ಲಿದ್ದ ಜೀನ್ ಆಮ್ಡಾಲ್ 1967ರಲ್ಲಿಯೇ ಇದರ ಮಿತಿಯನ್ನು ತೋರಿಸಿಕೊಟ್ಟರು. ಕೆಲಸದ ಹತ್ತರಲ್ಲಿ ಒಂಬತ್ತು ಪಾಲನ್ನು ಹಂಚಿಕೊಂಡು ಮಾಡಬಹುದು, ಒಂದು ಪಾಲನ್ನು ಒಬ್ಬನೇ ಮಾಡಬೇಕು ಎಂದಿಟ್ಟುಕೊಂಡರೆ, ಆರು ಕೋರುಗಳಿಂದ ದೊರೆಯುವ ವೇಗ ಒಂದು ಕೋರಿನ ನಾಲ್ಕರಷ್ಟು. ಹನ್ನೆರಡು ಕೋರುಗಳಿಂದ ಎಂಟರಷ್ಟಾಗುವುದಿಲ್ಲ, ಆರಕ್ಕೂ ತುಸು ಕಡಮೆ. ಫೈಲನ್ನು ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಹೆಚ್ಚಿನ ಕೋರುಗಳು ಉಪಕರಿಸುವುದು ನಿಜ. ಆದರೆ ಆ ಕೆಲಸ ನೀವು ಊಟಕ್ಕೆ ಎದ್ದುಹೋದಾಗಲೂ ನಡೆಯುತ್ತದೆ. ಎದುರಿಗೆ ಕುಳಿತು ಕಳೆಯುವ ಗಂಟೆಗಳೆಲ್ಲ ಕತ್ತರಿಸುವುದರಲ್ಲಿ, ಜೋಡಿಸುವುದರಲ್ಲಿ ಹೋಗುವಂಥವು. ಆ ಗಂಟೆಗಳು ಸುಗಮವಾಗುವಂತೆ ಹಣವನ್ನು ಹಾಕುವುದು ವಿವೇಕ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕೈ ಬಿಗಿಯಾಗಿದ್ದವರಿಗೆ 2022ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ5-12400 ಯೋಗ್ಯವಾದದ್ದೆಂದು ನನ್ನ ಅಭಿಪ್ರಾಯ. ಅದರಲ್ಲಿ ಆರು ಕೋರು, ಹನ್ನೆರಡು ಥ್ರೆಡ್ಡುಗಳಿವೆ. ಮೇಲೆ ಹೇಳಿದ ಗ್ರಾಫಿಕ್ಸ್ ಇದೆ. ಪೆಟ್ಟಿಗೆಯಲ್ಲಿ ಬಂದದ್ದಾದರೆ ಫ್ಯಾನೂ ಜೊತೆಯಲ್ಲೇ ಬರುತ್ತದೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ಕಡೆಯ ಅಕ್ಷರದವರೆಗೂ ಓದಿರಿ. 12400ರ ಮುಂದೆ ‘ಎಫ್’ ಎಂಬುದೊಂದು ಅಕ್ಷರವಿದ್ದರೆ ಆ ಪ್ರೊಸೆಸರಿಗೆ ಗ್ರಾಫಿಕ್ಸ್ ಭಾಗವಿಲ್ಲ, ಆದುದರಿಂದ ಕ್ವಿಕ್ ಸಿಂಕ್ ಕೂಡ ಇಲ್ಲ. ತುಸು ಹಣ ಉಳಿಯಿತೆಂಬ ಸಂತೋಷದಲ್ಲಿ, ಯಾವುದಕ್ಕಾಗಿ ಅದನ್ನು ಕೊಳ್ಳಹೊರಟಿದ್ದೆವೋ ಅದನ್ನೇ ಬಿಟ್ಟುಬಂದಂತಾಗುತ್ತದೆ. ಎಎಂಡಿಯ ರೈಜೆನ್ 5 5600 ಎಂಬುದೂ ಆರು ಕೋರುಗಳ ಉತ್ತಮ ಪ್ರೊಸೆಸರೇ, ಆದರೆ ಗ್ರಾಫಿಕ್ಸ್ ಇಲ್ಲದ್ದು. ಈಗಾಗಲೇ ಒಂದು ಗ್ರಾಫಿಕ್ಸ್ ಕಾರ್ಡು ಮನೆಯಲ್ಲಿದ್ದು, ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನೇ ಸಂಕಲಿಸುವವರಿಗೆ ಅದು ಒದಗುತ್ತದೆ. ಡವಿಂಚಿ ರಿಸಾಲ್ವ್ ತಂತ್ರಾಂಶವನ್ನು ಬಳಸುವವರು ಮಾತ್ರ ಒಂದು ವಿಷಯವನ್ನು ಗಮನದಲ್ಲಿಡಬೇಕು: ಬಣ್ಣ ತಿದ್ದುವ ಕೆಲಸವನ್ನು ಅದು ಬಹುಪಾಲು ಗ್ರಾಫಿಕ್ಸ್ ಕಾರ್ಡಿನಿಂದಲೇ ಮಾಡಿಸುವುದರಿಂದ, ಅವರಿಗೆ ಪ್ರತ್ಯೇಕವಾದ ಕಾರ್ಡು ಇಂದಲ್ಲ ನಾಳೆ ಅವಶ್ಯವಾಗುತ್ತದೆ.

ಪ್ರೊಸೆಸರಿನಲ್ಲಿ ಉಳಿಸಿದ ಹಣ ರ‍್ಯಾಮಿಗೂ ಎಸ್‌ಎಸ್‌ಡಿಗೂ ಸಲ್ಲಲಿ. ಹದಿನಾರು ಜಿಬಿಗೆ ಕಡಮೆಯಾದ ರ‍್ಯಾಮಿನಿಂದ 4ಕೆ ಕೆಲಸ ಕಷ್ಟವೇ; ಸಾಧ್ಯವಾದರೆ ಮೂವತ್ತೆರಡು ಇರಲಿ. ಎಸ್‌ಎಸ್‌ಡಿಯೂ ದೊಡ್ಡದಿರಬೇಕು, ಏಕೆಂದರೆ ಸೆಕೆಂಡಿಗೆ ಆರು ಮೆಗಾಬೈಟಿನ ಲೆಕ್ಕದಲ್ಲಿಯೇ ಎಂಟು ಗಂಟೆಗಳ ಒಂದು ರಾತ್ರಿಯ ಆಟ ಒಂದೇ ಕ್ಯಾಮೆರಾದಿಂದ 170 ಜಿಬಿಯನ್ನು ಮೀರುತ್ತದೆ.

ಕೊಳ್ಳಲು ಹಣವೇ ಸಾಲದವರು ಎದೆಗುಂದಬೇಕಾಗಿಲ್ಲ. ಮೂಲಚಿತ್ರಕ್ಕೆ ಪ್ರತಿಯಾಗಿ ಚಿಕ್ಕ ಅಳತೆಯ, ಸುಲಭವಾಗಿ ಬಿಡಿಸಬಹುದಾದ ಪ್ರಾಕ್ಸಿ ಫೈಲುಗಳನ್ನು ರಾತ್ರಿ ಮಲಗುವ ಮುನ್ನ ತಯಾರಿಸಲು ಬಿಟ್ಟು, ಮರುದಿನ ಅವುಗಳ ಮೇಲೆಯೇ ಸಂಕಲನ ಮಾಡಿ, ಕೊನೆಯಲ್ಲಿ ಮೂಲಚಿತ್ರದಿಂದ ಎಕ್ಸ್‌ಪೋರ್ಟ್ ಮಾಡುವ ಸೌಕರ್ಯ ಉಚಿತವಾಗಿ ದೊರೆಯುವ ಕೆಡೆನ್‌ಲೈವಿನಲ್ಲಿಯೂ ಇದೆ. ನಾಲ್ಕು ಕೋರುಗಳ ಹಳೆಯ ಯಂತ್ರವೂ ಹೀಗೆ ಕೆಲಸ ಕೊಡುತ್ತದೆ.

ಹೊಸದನ್ನು ಕೊಂಡವರು ಮನೆಗೆ ತಂದ ದಿನವೇ ಒಂದು ಪರೀಕ್ಷೆ ಮಾಡಿರಿ. ನಿಮ್ಮ ಕ್ಯಾಮೆರಾದ ತುಣುಕೊಂದನ್ನು ಟೈಮ್‌ಲೈನಿನಲ್ಲಿ ಓಡಿಸುತ್ತ, ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು, ಜಿಪಿಯು ಎಂಬಲ್ಲಿ ‘ವಿಡಿಯೋ ಡಿಕೋಡ್’ ಎಂಬ ಗೆರೆಯನ್ನು ನೋಡಿರಿ. ಅದು ಮೇಲೇರಿದರೆ ಚಿತ್ರ ಬಿಡಿಸುವ ಆ ಪ್ರತ್ಯೇಕ ವಿಭಾಗ ಕೆಲಸ ಮಾಡುತ್ತಿದೆ. ಅದು ಸುಮ್ಮನೆ ಮಲಗಿದ್ದು ಸಿಪಿಯುವಿನ ಗೆರೆ ಮಾತ್ರ ತುದಿ ಮುಟ್ಟುತ್ತಿದ್ದರೆ, ತಂತ್ರಾಂಶದ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದೆಯೇ ಎಂದು ಮೊದಲು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿದ್ದರೆ, ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡಿಬಿಡುವುದರಿಂದ, ಬಯಾಸಿಗೆ ಹೋಗಿ ಅದನ್ನು ಮತ್ತೆ ಆನ್ ಮಾಡಿಕೊಳ್ಳಬೇಕು.