ಸ್ಟೆಮ್ ಸೆಲ್ ಲಿವರ್ ಉರಿಯೂತ ತಣಿಸುತ್ತಾ? ಚಿಕ್ಕಮ್ಮ ಕಳಿಸಿದ ಎಸ್ಟಿಮೇಟ್

ಹೋದ ತಿಂಗಳು ನಮ್ಮ ಚಿಕ್ಕಮ್ಮ ಫೋನ್ ಮಾಡಿ, "ಬಿಕಾಂ ಓದಿದೀಯಲ್ಲ, ಈ ಎಸ್ಟಿಮೇಟ್ ಸರಿಯಿದೆಯಾ ನೋಡು" ಅಂದ್ರು. ವಾಟ್ಸಾಪ್ ತೆರೆದರೆ ಸ್ಟೆಮ್ ಸೆಲ್ ಪ್ಯಾಕೇಜ್! ಮೂರು ಇಂಜೆಕ್ಷನ್, ಲಕ್ಷಗಟ್ಟಲೆ ದುಡ್ಡು. ಒಡವೆ ಅಡ ಇಡೋಕೂ ತಯಾರಾಗಿದ್ರು.

ಅವರಿಗಿರೋದು ಆಟೋಇಮ್ಯೂನ್ ಹೆಪಟೈಟಿಸ್. ಕುಡಿತದಿಂದ ಬರೋದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಲಿವರ್ ಕೋಶಗಳ ಮೇಲೆ ದಾಳಿ ಮಾಡುತ್ತೆ. ಹೆಂಗಸರಲ್ಲಿ ಹೆಚ್ಚು. ಹಾಗೇ ಬಿಟ್ಟರೆ ಸಿರೋಸಿಸ್ ಆಗಬಹುದು. ಪ್ರೆಡ್ನಿಸೋಲೋನ್, ಅಜಥಿಯೋಪ್ರಿನ್ ಮಾತ್ರೆಗಳು ಬಹಳ ಜನರಲ್ಲಿ ಇದನ್ನು ಹತೋಟಿಗೆ ತರುತ್ತವೆ. ಆದರೆ ಸ್ಟೀರಾಯ್ಡ್‌ನಿಂದ ಮುಖ ಊದಬಹುದು, ಶುಗರ್ ಏರಬಹುದು, ಮೂಳೆ ಸವೆಯಬಹುದು. ಚಿಕ್ಕಮ್ಮನಿಗೆ ಸಾಕಾಗಿದ್ದು ಇದೇ.

ಸ್ಟೆಮ್ ಸೆಲ್ ಅಂದ್ರೆ ಹೊಸ ಲಿವರ್ ಬೆಳೆಸೋದು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ಲೆಕ್ಕವೇ ಬೇರೆ. ಮೂಳೆಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆಯುವ ಮೆಸೆಂಕೈಮಲ್ ಕೋಶಗಳಿವು. ರಕ್ತನಾಳಕ್ಕೆ ಕೊಟ್ಟರೆ ದೇಹದಲ್ಲಿ ಹೆಚ್ಚು ದಿನ ಉಳಿಯಲ್ಲ. ಆದರೆ ಅವು ಹೊರಬಿಡುವ ರಾಸಾಯನಿಕ ಸಂದೇಶಗಳು ದಾಳಿ ಮಾಡೋ ಟಿ ಕೋಶಗಳನ್ನು ತಣ್ಣಗಾಗಿಸಿ, ನಿಯಂತ್ರಿಸೋ ಟಿ ಕೋಶಗಳನ್ನು ಹೆಚ್ಚಿಸುತ್ತವೆ. ಬೀದಿ ಜಗಳದಲ್ಲಿ ಹಿರಿಯರೊಬ್ಬರು ಬಂದು "ಸಾಕು ಬಿಡ್ರಪ್ಪಾ" ಅಂದ ಹಾಗೆ.

ಇಲಿಗಳಲ್ಲಿ ಹೀಗೆ ಲಿವರ್ ಉರಿಯೂತ ಇಳಿದಿದೆ. ಮನುಷ್ಯರಲ್ಲಿ ಇನ್ನೂ ಪ್ರಯೋಗದ ಹಂತ. ಐಡಿಯಾ ಸುಳ್ಳಲ್ಲ: 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಇಂಥ ಕೋಶಗಳ ಚಿಕಿತ್ಸೆಯೊಂದನ್ನು ಮೊದಲ ಬಾರಿ ಒಪ್ಪಿತು. ಆದರೆ ಅದು ಕಸಿಯ ನಂತರ, ದಾನಿಯ ಕೋಶಗಳೇ ದೇಹದ ಮೇಲೆ ತಿರುಗಿಬಿದ್ದು, ಸ್ಟೀರಾಯ್ಡ್‌ಗೂ ಬಗ್ಗದ ಮಕ್ಕಳಿಗೆ. ಚಿಕ್ಕಮ್ಮನ ಕಾಯಿಲೆಗಲ್ಲ.

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ, ದುಡ್ಡು. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಸಿಗದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು. ಟ್ರಯಲ್ ಸಿಟಿಆರ್‌ಐನಲ್ಲಿ ನೋಂದಣಿಯಾಗಿರಬೇಕು. ರೋಗಿಯಿಂದ ದುಡ್ಡು ತಗೋಬಾರದು.

"ಚಿಕ್ಕಮ್ಮಾ, ಇದರಲ್ಲಿ ಕೂಡೋದು ಕಳೆಯೋದು ಸರಿಯಿದೆ. ಆದ್ರೆ ಎಸ್ಟಿಮೇಟ್ ಕೊಟ್ಟಿದ್ದೇ ತಪ್ಪು" ಅಂದೆ. ನೋಂದಣಿ ನಂಬರ್ ಕೇಳಿದ್ರು, ಆ ಕಡೆಯಿಂದ ಉತ್ತರ ಬರಲಿಲ್ಲ. ಒಡವೆ ಬೀರುವಿನಲ್ಲೇ ಇದೆ. ಸ್ಟೀರಾಯ್ಡ್ ಡೋಸ್ ಇಳಿಸಬಹುದಾ ಅಂತ ಲಿವರ್ ಡಾಕ್ಟರ್ ಹತ್ರ ಕೇಳ್ತಿದ್ದಾರೆ.

ನೀವೂ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಮುಂದಿನ ವಾರ ಸಿಗೋಣ.