ಮಹಿಳೆಯ ಕಥೆಯೂ ನ್ಯಾಯದ ಅಂಗಳವೂ



ಈಚೆಗೆ ನಾನೋದಿದ ಶ್ರೀಮತಿ ಬಾನು ಮುಷ್ತಾಕರ ಕಥೆಗಳನ್ನು ಕುರಿತು ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಅವರ 12 ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದುದು ತಮಗೆ ವಿದಿತವೇ ಇದೆ. ಬರೆದವರು ಹಾಸನದವರು, ಅನುವಾದಿಸಿದ ಶ್ರೀಮತಿ ದೀಪಾ ಭಸ್ತಿಯವರು ಕೊಡಗಿನವರು. 1956ಕ್ಕೆ ಮುನ್ನ ಬೇರೆ ಬೇರೆ ಆಡಳಿತಗಳಲ್ಲಿದ್ದ ಈ ಎರಡು ನೆಲಗಳನ್ನು ಕನ್ನಡವು ಒಂದೇ ಪುಸ್ತಕದಲ್ಲಿ ಕೂಡಿಸಿದೆ.

ಆದರೆ ನಾನು ಹೇಳಬಂದುದು ಪ್ರಶಸ್ತಿಯ ಮಾತಲ್ಲ. ‘ಕರಿ ನಾಗರಗಳು’ ಎಂಬ ಕಥೆಯಲ್ಲಿ ಗಂಡನು ಕೈಬಿಟ್ಟ ತಾಯಿಯೊಬ್ಬಳು ಮಕ್ಕಳೊಡನೆ ಮಸೀದಿಯಲ್ಲಿ ನ್ಯಾಯಕ್ಕಾಗಿ ಕಾದು ಕುಳಿತಿರುತ್ತಾಳೆ. ತೀರ್ಮಾನಿಸಬೇಕಾದ ಮುತವಲ್ಲಿ ದಿನ ನೂಕುತ್ತಾನೆ. ಇದು ಒಂದು ಮತದ ನಿಂದೆಯೆಂದು ಕೆಲವರು ಆಕ್ಷೇಪಿಸಬಹುದು. ಹಾಗಲ್ಲ, ಆಕೆ ಬೇಡುವುದು ತನ್ನ ಧರ್ಮವೇ ತನಗಿತ್ತ ಹಕ್ಕನ್ನು. ಕೊಡಬೇಕಾದವರ ಉದಾಸೀನವೇ ಅಲ್ಲಿಯ ಅಪರಾಧ. ಅಂಥ ಉದಾಸೀನವಿಲ್ಲದ ಮತವಾಗಲಿ ಜಾತಿಯಾಗಲಿ ನಮ್ಮಲ್ಲಿ ಯಾವುದು?

ಲೇಖಕಿಯೂ ವಕೀಲರು, ನಾನೂ ವಕೀಲ. ಜೀವನಾಂಶದ ಮೊಕದ್ದಮೆಗಳಲ್ಲಿ ನಾನು ವಾಯಿದೆ ಕೇಳಿದ್ದುಂಟು. ಆ ವಾಯಿದೆಯ ದಿನಗಳಲ್ಲಿ ಎದುರು ಪಕ್ಷದ ತಾಯಿ ತನ್ನ ಮಕ್ಕಳಿಗೆ ಏನನ್ನು ಉಣಿಸಿದಳೆಂದು ನಾನು ಒಮ್ಮೆಯೂ ಯೋಚಿಸಿದವನಲ್ಲ. ಕಾನೂನಿನ ಗ್ರಂಥಗಳು ಕಲಿಸದ ಈ ಲಜ್ಜೆಯನ್ನು ಒಂದು ಸಣ್ಣ ಕಥೆ ಕಲಿಸಿತು.

ಉಪಾಧ್ಯಾಯ ಬಂಧುಗಳೇ, ಸ್ತ್ರೀಯರ ಕಥೆ ಸ್ತ್ರೀಯರಿಗೇ ಇರಲೆನ್ನಬೇಡಿರಿ. ಅದನ್ನು ಗಂಡುಮಕ್ಕಳ ಕೈಗೂ ಕೊಡಿರಿ. ನಾಳೆ ನ್ಯಾಯ ಹೇಳುವ ಪೀಠದಲ್ಲಿ ಕೂಡುವವರಲ್ಲಿ ಅವರೂ ಇರುವರು.